ಯಾವ ದಿನಾಂಕದಿಂದ

ಜನವರಿಯ ಮೊದಲ ಸೋಮವಾರ. ಬ್ರಾಗಾದ ಬೀದಿಯಲ್ಲಿ ಮಂಜು.
ಹೀಟರಿನತ್ತ ಕಾಲು ಚಾಚಿ ಕೂತಿದ್ದೇನೆ, ಒಂದು ಕಾಲುಚೀಲ ಇನ್ನೂ ಒದ್ದೆ.
ಹದಿನಾಲ್ಕು ಜನರ ಸಂಬಳ ಏರಿದೆ. ಏರಿಸಿದವರು ವಾಲ್ದೆಮಾರ್,
ಏರಿದ್ದನ್ನು ಯಂತ್ರಕ್ಕೆ ಹೇಳಬೇಕಾದವಳು ನಾನು, ಇಲ್ದಾ.

ಯಂತ್ರ ಕೇಳುವುದು ಒಂದೇ ಪ್ರಶ್ನೆ:
ಯಾವ ದಿನಾಂಕದಿಂದ?

ಹೋದ ವರ್ಷ ಈ ಪ್ರಶ್ನೆಗೆ ಉತ್ತರಿಸದೆ
ವಾಲ್ದೆಮಾರ್ ತಾವೇ ದರ ತಿದ್ದಿದ್ದರು, ಊಟದ ಅವಸರದಲ್ಲಿ.
ಮುಗಿದ ಕೆಲಸಗಳೆಲ್ಲ ಎದ್ದು ಕೂತವು.
ಮೂರು ವರ್ಷದ ಹಿಂದಿನ ಒಳಚರಂಡಿ, ಪಾಚಿ ಕಟ್ಟಿದ ಶಾಲೆಯ ಛಾವಣಿ,
ಒಂದೇ ಒತ್ತಿಗೆ ಎಲ್ಲವೂ ನಷ್ಟದಲ್ಲಿ,
ಸತ್ತವರ ಹೆಸರಿಗೆ ಸಾಲ ಬರೆದ ಹಾಗೆ.
ಎರಡು ರಾತ್ರಿ ಕೂತು ಒಂದೊಂದು ಗಂಟೆಯನ್ನೂ
ಅದರದರ ಬೆಲೆಗೆ ಮರಳಿ ಕಳಿಸಿದ್ದೆ.
ದುಡಿದ ದಿನದ ಬೆಲೆಯೇ ದುಡಿದ ಗಂಟೆಗೆ;
ನಿನ್ನೆಗೆ ಬಡ್ತಿ ಇಲ್ಲ.

ಆನ್ಸೆಲ್ಮು, ನಕ್ಷೆಗಾರ. ಇಪ್ಪತ್ತೆರಡು ಯೂರೋ ಇದ್ದ ಅವನ ಗಂಟೆ
ಇಂದಿನಿಂದ ಇಪ್ಪತ್ತನಾಲ್ಕೂವರೆ.
ಬೇಕಾದ್ದೇ. ಅವನ ಹೆಂಡತಿ ರಾತ್ರಿಪಾಳಿ ಬಿಟ್ಟಿದ್ದಾಳೆ,
ಬಾಡಿಗೆ ಅವರನ್ನು ಬಿಟ್ಟಿಲ್ಲ.
ಅದನ್ನು ಎರಡೂವರೆಯಿಂದ ಗುಣಿಸಿ ಗಿರಾಕಿಗೆ ಹೇಳುತ್ತೇವೆ.
ಆ ಎರಡೂವರೆಯೊಳಗೆ ಹೀಟರಿದೆ, ವಿಮೆಯಿದೆ,
ಕಾಫಿ ಯಂತ್ರ, ನೆಲ ಒರೆಸುವ ಬೆಂತಾಳ ಬಕೆಟ್ಟು,
ನಾನೂ ಇದ್ದೇನೆ.
ನನ್ನ ಗಂಟೆಯನ್ನು ಯಾರಿಗೂ ಮಾರುವುದಿಲ್ಲ.
ಆನ್ಸೆಲ್ಮುವಿನ ಗಂಟೆಯ ಬೆನ್ನೇರಿ ಹೋಗುತ್ತದೆ ಅದು, ಕೂಸುಮರಿ.

ಐವತ್ತೈದು ಇದ್ದದ್ದು ಅರವತ್ತೊಂದೂಕಾಲು.
ಹೊಸ ಗಿರಾಕಿಗಳಿಗೆ ಹೊಸ ದರ, ಮುಖ ಸಿಂಡರಿಸಿಯಾದರೂ ಸಹಿ ಹಾಕುತ್ತಾರೆ.
ಫೊಂತೆಲಾ ಹಳ್ಳಿಯ ಕಾಲುಸೇತುವೆಯದು ಮಾತ್ರ
ಅಕ್ಟೋಬರಿನಲ್ಲೇ ಒಪ್ಪಿಕೊಂಡ ಇಡಿಗಂಟು: ಹದಿನಾರೂವರೆ ಸಾವಿರ.
ಆಗ ಅದರಲ್ಲಿ ಮುನ್ನೂರು ಗಂಟೆ ಇತ್ತು.
ಕೆಲಸ ಶುರುವಾಗುವ ಮೊದಲೇ, ಯಾರೂ ಮುಟ್ಟದೆ,
ಇನ್ನೂರ ಅರವತ್ತೊಂಬತ್ತು.

ಉಳಿದ ಮೂವತ್ತೊಂದು ಎಲ್ಲಿ ಹೋಯಿತೆಂದರೆ ಏನು ಹೇಳಲಿ?
ಕನ್ನ ಬಿದ್ದಿಲ್ಲ, ಕಳ್ಳ ಬಂದಿಲ್ಲ.
ಹದಿನಾಲ್ಕು ಮನೆಯ ಒಲೆಯ ಮೇಲೆ ಒಂದೊಂದು ಹಿಡಿ ಹೆಚ್ಚು ಬೆಂದಿದೆ, ಅಷ್ಟೆ.

ಪಟ್ಟಿ ಕಳಿಸಿದೆ:
ಮಕ್ಕಳ ಎತ್ತರದ ಎರಡನೇ ಕೈಕಂಬಿ ಬೇಡ, ದೀಪದ ನಕ್ಷೆ ಬೇಡ,
ನೆರೆ ಬಂದಾಗ ನೀರಿನ ಮಟ್ಟ ನೋಡುವ ಎರಡು ಭೇಟಿ ಬೇಡ.
ಫೋನಿನಲ್ಲಿ ಹಳ್ಳಿಯ ಕಾರ್ಯದರ್ಶಿ ದೆಯೊಲಿಂದಾ:
"ನಿಮ್ಮ ಸಂಬಳ ಉದ್ದವಾದರೆ ನಮ್ಮ ಸೇತುವೆ ಗಿಡ್ಡವಾಗಬೇಕೇನಮ್ಮ?
ಹೊಳೆ ಇನ್ನೂ ಅಷ್ಟೇ ಅಗಲ ಇದೆ."
ಅವಳ ಮಾತು ಸರಿ. ಒಪ್ಪಂದವೂ ಅವಳ ಕಡೆ.
ಸುಮ್ಮನೆ ಕೇಳಿ ನೋಡಿದ್ದೆ.
ಕೈಕಂಬಿ ಉಳಿಯಿತು, ದೀಪ ಉಳಿಯಿತು.
ಭೇಟಿಗಳನ್ನು ವಾಲ್ದೆಮಾರ್ ಸದ್ದಿಲ್ಲದೆ ಹೊಡೆದುಹಾಕಿದರು.

ಫೆಬ್ರವರಿಯ ಒಂದು ಬೆಳಗ್ಗೆ ಆನ್ಸೆಲ್ಮುವಿನ ಬೂಟಿನ ತುಂಬ ಕೆಸರು,
ಅವನ ಸಮಯಪಟ್ಟಿಯಲ್ಲಿ ಭಾನುವಾರ ಬೋಳು.
"ನೀರು ಏರಿತ್ತು. ನೋಡಿ ಬಂದೆ.
ಬರೆಯಬೇಡ ಇಲ್ದಾ, ಯಾರು ಕೊಡುತ್ತಾರೆ?"

ಬೈದೆ. ನನಗೇ ಆಶ್ಚರ್ಯವಾಗುವಷ್ಟು.
ಬರೆಯದ ಗಂಟೆ ಉಪಕಾರವಲ್ಲ ಮಾರಾಯ,
ಮುಂದಿನ ಸೇತುವೆಯ ಅಂದಾಜಿಗೆ ಅದು ಸುಳ್ಳು ಸಾಕ್ಷಿ.
ನೀನು ಪುಕ್ಕಟೆ ನಡೆದ ದಾರಿಯಲ್ಲಿ
ನಾಳೆ ಇನ್ನೊಬ್ಬನನ್ನು ಪುಕ್ಕಟೆ ನಡೆಸುತ್ತಾರೆ.

ಅವನು ಕೂತ. ಬೂಟಿನ ದಾರ ಸಡಿಲಿಸುತ್ತ ಹೇಳಿದ, ಮೂರು ಗಂಟೆ.
ವೆಚ್ಚದ ಮನೆಯಲ್ಲಿ ಎಪ್ಪತ್ಮೂರೂವರೆ, ಹೊಸ ದರ.
ಬಿಲ್ಲಿನ ಮನೆಯಲ್ಲಿ ಸೊನ್ನೆ.
ಯಂತ್ರ ಕೇಳಿತು, ಖಚಿತವೇ?
ಹೌದು ಅಂದೆ.

ಬಾಗಿಲ ಬಳಿ ಬೆಂತಾ ಆ ಕೆಸರು ಒರೆಸುತ್ತಿದ್ದಳು.
ಅದನ್ನು ಯಾವ ಕೆಲಸದ ಲೆಕ್ಕಕ್ಕೆ ಹಾಕಲಿ ಎಂದು
ಯಾರೂ ಕೇಳಲಿಲ್ಲ.