ಹತ್ತಕ್ಕ ಎಷ್ಟು

ಝರಣಮ್ಮನ ಖಾತೆ-ಕಿರ್ದಿ ಬರಿಯಾಂವ ನಾನು.
ಬಂದವರಿಗೆ ಜಮಾದ ಕಡಿಂದ ಓದಿ ಹೇಳತೀನಿ.
ಖರೇ ಅಂದ್ರ ಪುಸ್ತಕ ಶುರುವಾಗೋದು
ಇರುವಿಯಿಂದ.

ಬೀದರದ ಚೌಬಾರಾ ಹಿಂದ
ಹಿಟ್ಟಿನ ಗಿರಣಿಗೆ ಹತ್ತಿದ ಖೋಲಿ.
ಗಿರಣಿ ತಿರುಗಿದರ ಗ್ವಾಡಿ ನಡುಗತಿತ್ತು,
ಗ್ವಾಡಿ ನಡುಗಿದರ ಪಾಕ ಉಸುಕಾಗತಿತ್ತು.
ಏಳು ಕಡಾಯಿ ಸಕ್ಕರಿ ಹಿಂಗ ಹೋತು,
ಉದ್ರಿ ಸಕ್ಕರಿ.
ಎಂಟನೇದು, ಗಿರಣಿ ಬಂದಾದ ಮ್ಯಾಲ,
ರಾತ್ರಿ ಹತ್ತಕ್ಕ ಒಲಿ ಏರಿತು.

ಹಸಿ ಶುಂಠಿ ಜಜ್ಜಿ ರಸ ಹಿಂಡಿ
ಮೊಣಕೈತನಕ ಉರಿ.
ಪಾಕದ ಹನಿ ತಣ್ಣೀರಿಗೆ ಬಿಟ್ಟು, ತಗದು,
ಪಿತ್ತಾಳಿ ತಾಟಿನ ಮ್ಯಾಲ ಒಗೀತಿದ್ದಳು.
ಠಪ್ ಅಂದ್ರ ಇನ್ನಾ ಹಸಿ.
ಠಣ್ ಅನಬೇಕು.
ಠಣ್ ಅಂದ ರಾತ್ರಿ ನನ್ನ ಎಬ್ಬಿಸಿ ಕೇಳಿಸಿದಳು.
ಹನ್ನೊಂದು ವರ್ಷದಾಂವ, ನಿದ್ದಿಗಣ್ಣಾಗ
‘ಹೂಂ ಚಿಕ್ಕಮ್ಮ, ಗಂಟಿ’ ಅಂದೆ.

ಉಸ್ಮಾನ್ ಗಂಜಿನ ವೀರಶೆಟ್ಟಿ ಬರಣಿ ಇಟ್ಟುಕೊಂಡ,
ಎಂಟು ದಿನಕ್ಕ ವಾಪಸ್ ಕೊಟ್ಟ.
‘ಈ ಪೆಪ್ಪರಮೆಂಟು ಯಾರೂ ಕೇಳಂಗಿಲ್ಲ ತಂಗಿ.
ಚಿಲ್ಲರಿ ಇಲ್ಲದಾಗ ನಾನೇ ಕೈಯಾಗ ಇಡತೀನಿ,
ಮಂದಿ ಮಾರಿ ಕಿವಚತಾರ.’
ಮಳಿಗಾಲ ಬ್ಯಾರೆ. ಬರಣಿಯಾಗ ಎಲ್ಲಾ ಕೂಡಿ
ಒಂದೇ ಹೆಂಟಿ ಆಗಿತ್ತು.
ಇರುವಿ ತಿಂದವು.
ಒಂದರದೂ ತಕರಾರಿಲ್ಲ.

ಸುತ್ತೋ ಕಾಗದಕ್ಕ ರೊಕ್ಕ ಇರಲಿಲ್ಲ.
ರದ್ದಿ ಅಂಗಡಿಯಿಂದ ಕಿಲೋದ ಲೆಕ್ಕದಾಗ
ಸಾಲಿಯ ಹಳೇ ಉತ್ತರಪತ್ರಿಕೆ ತಂದು
ಮೇಣ ಸವರಿ, ಚೌಕ ಕತ್ತರಿಸಿ,
ಎರಡೂ ಕಡೆ ಕಿವಿ ತಿರುವಿದೆವು.
ಒಂದರಾಗ ‘ಹತ್ತಕ್ಕೆ ಎರಡು’.
ಒಂದರಾಗ ಅರ್ಧ ಕಾರಂಜಾ ನದಿ, ಉಳಿದರ್ಧ ಕತ್ತರಿಗೆ ಹೋಗಿತ್ತು.
ಒಂದರಾಗ ಬರೇ ದೊಡ್ಡ ಕೆಂಪು ಸೊನ್ನಿ,
ಪಾಕ ಹತ್ತಿ ಹೊಳೀಲತ್ತಿತ್ತು.

ಒಂದು ಸಂಜಿ ವೀರಶೆಟ್ಟಿನೇ ಖೋಲಿ ಹುಡುಕೊಂಡು ಬಂದ.
‘ಏನ್ ಹಾಕೀದಿ ಇದರಾಗ?
ಸಾಲಿ ಬಿಟ್ಟರ ಸಾಕು, ಹುಡುಗೂರು ಗಲ್ಲಾದ ಮುಂದ ನಿಂತು ಬಿಚ್ಚತಾವ.
ನಂದು ಒಂಬತ್ತು, ನಂದು ಆರು ಅಂತ ಒದರತಾವ.
ನಾಕಾಣೆ ತಗೋರಿ ಅಂದ್ರ ಒಲ್ಲೆ ಅಂತಾವ!’
ಝರಣಮ್ಮ ನಗಲಿಲ್ಲ.
ಮುಂಗಡ ಕೇಳಿದಳು.

ಮುಂದ ಸಾಹೇಬರೊಬ್ಬರು ಬಂದು ರದ್ದಿ ಕಾಗದ ನಿಂದರಿಸಿದ್ದು,
ಬ್ಯಾಂಕಿನಾಂವ ‘ನಿಮ್ಮ ಯಜಮಾನರು?’ ಅಂತ
ಮೂರು ಸಲ ಕೇಳಿದ್ದು,
ಶುಂಠಿ ಧಾರಣಿ ಏರಿದ ವರ್ಷ ಬಳಿ ಒತ್ತಿ ಬಿದ್ದದ್ದು,
ಅವೆಲ್ಲ ಖರ್ಚಿನ ಕಡೆ ಅವ.
ಜೋರಾಗಿ ಓದಬ್ಯಾಡ ಅಂದಾಳ.

ಈಗ ನೌಬಾದಿನಾಗ ತಗಡಿನ ಶೆಡ್ಡು.
ಜಹೀರಾಬಾದಿನಿಂದ ಲಾರಿ ಮ್ಯಾಲ ಬಂದ ಮಷೀನು
ನಿಮಿಷಕ್ಕ ಮುನ್ನೂರು ಪೆಪ್ಪರಮೆಂಟಿನ ಕಿವಿ ತಿರುವತದ.
ಮೂವತ್ತೊಂದು ಹೆಣ್ಣುಮಕ್ಕಳು, ಎರಡು ಪಾಳಿ.
ಭಾಲ್ಕಿಗೆ, ಉದಗೀರಕ್ಕ, ಬಸ್ಸಿನ ನೆತ್ತಿ ಮ್ಯಾಲ ಪೆಟ್ಟಿಗಿ.
ಮೀಟರು ನೂರಾ ನಲವತ್ತಾರು ತೋರಿಸಿ
‘ಪಾಕ ಆಯ್ತು’ ಅಂತದ.
‘ನಿಂದರು’ ಅಂತಾಳ ಆಕಿ.
ಅದೇ ಪಿತ್ತಾಳಿ ತಾಟು, ನಡುವ ತಗ್ಗು ಬಿದ್ದದ.
ಒಂದು ಹನಿ ಒಗೀತಾಳ.
ಕಿವಿ ಮಂದ ಆಗ್ಯಾವ ಈಗ, ಯಾರಿಗೂ ಹೇಳಿಲ್ಲ,
ಸುಮ್ಮನ ನನ್ನ ಮಾರಿ ನೋಡತಾಳ.
‘ಗಂಟಿ’ ಅಂತೀನಿ.

ಹೊಸ ಕಾಗದದ ಒಳಮೈಗೆ ಇನ್ನಾ ಕೆಂಪು ಶಾಯಿನೇ,
ಒಂದರಿಂದ ಹತ್ತರತನಕ.
ಸೊನ್ನಿ ಅಚ್ಚಿಗೆ ಕೊಟ್ಟಿಲ್ಲ.
ನಿನ್ನಿ ವರ್ಷದ ಲೆಕ್ಕ ಮುಗಿಸಿ, ಪೆನ್ನು ಮುಚ್ಚಿ,
ಒಂದು ಬಿಚ್ಚಿದೆ.

ಮೂರು.
ಕೆಳಗ ಸಣ್ಣದಾಗಿ:
ಅಕ್ಷರ ಸುಧಾರಿಸಬೇಕು.