ಕೆಳರೆಪ್ಪೆಯ ಬಣ್ಣ

ಮೇಕೆಯ ಕೆಳರೆಪ್ಪೆಯನ್ನು ಹೆಬ್ಬೆರಳಿಂದ ಜಗ್ಗಿ
ನೈರೇಸಿಯಾ ನೋಡುತ್ತಾಳೆ.
ಬಿಳಿಚಿದೆ, ಹಾಲು ಕದಡಿದ ನೀರಿನ ಹಾಗೆ.
'ಒಳಗೆ ಯಾರೋ ಒಲೆ ಹೂಡಿದ್ದಾರೆ' ಅನ್ನುತ್ತಾಳೆ.
ಲೆಪಾರಿಯೊ ಅದನ್ನು ನನಗಾಗಿ ಸ್ವಾಹಿಲಿಗೆ ತಿರುಗಿಸುತ್ತಾನೆ.
ನಾನು ಬರೆಯುತ್ತೇನೆ: ರಕ್ತಹೀನತೆ, ಐದರಲ್ಲಿ ನಾಲ್ಕು.

ವಾಂಬಾ ದಾಟಿ ಅರ್ಧ ದಿನ ನಡೆದರೆ ಈ ಹಳ್ಳ.
ನೀರಿಲ್ಲ, ಮರಳಿದೆ. ದಂಡೆಯಲ್ಲಿ ಮುಕುಟಾನ್ ಮರ,
ಮೈತುಂಬ ಗಾಯ, ಒಂದೊಂದೂ ಅಂಗೈಯಗಲ.
ಅವಳ ಅತ್ತೆ ಕೆತ್ತಿದ್ದು ಮಾಗಿ ತುಟಿಯಾಗಿದೆ,
ಪಕ್ಕದಲ್ಲೇ ಇವಳದು, ಇನ್ನೂ ಹಸಿ.
ಸುತ್ತ ಬಳಸಿ ಸುಲಿದರೆ ಮರ ಸಾಯುತ್ತೆ, ಇಷ್ಟು ಸಾಕು,
ಎಂದು ಗಾಯಕ್ಕೆ ಸೆಗಣಿ ಮೆತ್ತುತ್ತಾಳೆ.

ಕಬೇಟೆಯಲ್ಲಿ ನಾವು ಅದೇ ತೊಗಟೆಯನ್ನು
ಕುಟ್ಟಿ, ಮೆಥನಾಲಿನಲ್ಲಿ ನೆನೆಸಿ,
ಗಾಜಿನ ಕೊಳವೆಯಲ್ಲಿ ಹನಿಹನಿ ಇಳಿಸಿ
ಒಂಬತ್ತು ಪಾಲು ಮಾಡಿದೆವು,
ಮನಸ್ತಾಪದ ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ.
ಒಂದೊಂದನ್ನೂ ಹುಳುಗಳ ಮೇಲೆ ಸುರಿದೆವು,
ಕೆಂಪು ಬಿಳಿ ಹೊಸೆದ ದಾರದಂಥವು.
ಮೂರನೆಯ ಪಾಲಿಗೆ ಕೊಂಚ ತೂಕಡಿಸಿದವು.
ಒಂಬತ್ತನೆಯದರಲ್ಲಿ, ಸುಳ್ಳಲ್ಲ, ಈಜಾಡಿದವು,
ಆಗಷ್ಟೇ ಈಜು ಕಲಿತ ಹುಡುಗರಂತೆ.
ಡಾಕ್ಟರ್ ಒಂಡಾರಿ ಕನ್ನಡಕ ತೆಗೆದು ಒರೆಸಿದರು.
ಅಂಗಡಿಯ ಬಿಳಿ ಔಷಧಿಗೂ ಈಗ ಇವು ಬಗ್ಗುವುದಿಲ್ಲ,
ಅದಕ್ಕೇ ತಾನೆ ಮರದ ಹತ್ತಿರ ಬಂದದ್ದು.

ಫಲಿತಾಂಶ ಹೇಳಲು ಮತ್ತೆ ಹೋದೆ.
ಎಲ್ಲ ಕೇಳಿ ಅವಳು ಕೇಳಿದ್ದು ಒಂದೇ:
'ಮೇಕೆ ಎಲ್ಲಿತ್ತು?'
ಮೇಕೆ ಇರಲಿಲ್ಲ ಅಂದೆ. ತಟ್ಟೆ ಇತ್ತು, ಹುಳು ಇತ್ತು.
ಅವಳು ನಕ್ಕಳು.
ಲೆಪಾರಿಯೊ ಆ ನಗುವನ್ನು ತಿರುಗಿಸಲಿಲ್ಲ.

ಸಂಜೆ ಕಷಾಯ ಕುದಿಸಿ ಹನ್ನೊಂದಕ್ಕೂ ಗೊಟ್ಟದಲ್ಲಿ ಹೊಯ್ದಳು.
ಮೊಣಕಾಲ ನಡುವೆ ಕತ್ತು, ಬಾಯಿಗೆ ಬೆರಳು,
ದೊಡ್ಡದಕ್ಕೆ ಇಷ್ಟು, ಬಸಿರಿಗೆ ಅರ್ಧ, ಅಳತೆಯೆಲ್ಲ ಕಣ್ಣಲ್ಲೇ.
ಬೆಳಗ್ಗೆ ಹತ್ತು ಎದ್ದವು.
ಒಂದು ಮುಳ್ಳುಬೇಲಿಗೆ ಒರಗಿ ಹಾಗೇ ಇತ್ತು,
ಕಣ್ಣ ಮೇಲೆ ನೊಣ.

'ಹೆಚ್ಚು ಹೊಯ್ದೆನೋ, ತಡವಾಯಿತೋ,
ನನಗೆ ಗೊತ್ತಿಲ್ಲ. ಇದನ್ನೂ ಬರೆದುಕೋ.'

ನನ್ನ ಪುಸ್ತಕದಲ್ಲಿ ಅದಕ್ಕೆ ಮನೆ ಇರಲಿಲ್ಲ.
ಅಂಚಿನ ಗೆರೆ ದಾಟಿ ಬರೆದೆ, ಸೊಟ್ಟಗೆ.
ನಿದ್ದೆಯಿಲ್ಲದ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ
ತೊಗಟೆಯ ಕಹಿ ಹತ್ತಿದ ಹೆಬ್ಬೆರಳಲ್ಲಿ
ನನ್ನ ಕೆಳರೆಪ್ಪೆ ಜಗ್ಗಿ ನೋಡಿದಳು.
'ಮೂರು' ಅಂದಳು,
ನನ್ನದೇ ಲೆಕ್ಕದಲ್ಲಿ.