ನೊಣ ಹೊಡೆಯುವ ವಿದ್ಯೆ

ಗಿರಾಕಿಯಿಲ್ಲದ ಮಂಗಳವಾರಗಳಲ್ಲಿ
ಕ್ಷೌರದ ಓರಿನ್ ಪೆಲ್ಕಿ
ಅಂಗಡಿಯೊಳಗೆ ನೊಣ ಹೊಡೆಯುತ್ತಿದ್ದ.
ಈಗ ಬಾಗಿಲಿಗೊಂದು ಚೀಟಿ ಸಿಕ್ಕಿಸಿ
ಎರಡು ಬೀದಿ ದಾಟಿ, ಮುಚ್ಚಿಹೋದ ಗರಗಸ ಮಿಲ್ಲಿನ
ಹಿಂದಿನ ಕೊಳಕ್ಕೆ ಬಂದು
ಅದೇ ನೊಣ ಹೊಡೆಯುವುದನ್ನು ಕಲಿಯುತ್ತಿದ್ದಾನೆ,
ಕ್ರಮವಾಗಿ, ಗುರುಮುಖೇನ.

ಗುರು ಒಡೆಟ್ ಥಿಬೋಡೋ. ಎಪ್ಪತ್ತೊಂದು.
ಮೇನ್ ಸೀಮೆಯ ಮೂವತ್ತು ಚಳಿಗಾಲ ಟಪಾಲು ಹಂಚಿದವಳು;
ಯಾರ ನಾಯಿ ಕಚ್ಚುತ್ತದೆ, ಯಾರ ಮೆಟ್ಟಿಲು ಜಾರುತ್ತದೆ,
ಯಾವ ನೆರಳಿನಲ್ಲಿ ಯಾವ ಮೀನು,
ಎಲ್ಲಾ ಬಲ್ಲವಳು, ಕೇಳಿದರೆ ಅರ್ಧ ಹೇಳುವವಳು.

ಮೊದಲ ಎರಡು ವಾರ ನೀರೇ ಇಲ್ಲ.
ಶಾಲೆಯ ಮೈದಾನದ ಹುಲ್ಲಿನ ಮೇಲೆ,
ಕೊಕ್ಕೆಯಿಲ್ಲದ ದಾರದ ತುದಿಗೆ ಹಳದಿ ಉಣ್ಣೆಯ ಕುಚ್ಚು.
ಬೇಸ್‌ಬಾಲ್ ಆಡುವ ಹುಡುಗರು ಬೇಲಿಗೆ ಗಲ್ಲ ಊರಿ
"ಏನು ಬಿತ್ತು ಮಿಸ್ಟರ್ ಪೆಲ್ಕಿ? ಗರಿಕೆಯಾ?"
ಅವರೆಲ್ಲರ ನೆತ್ತಿಯ ಸುಳಿ ಗೊತ್ತು ಅವನಿಗೆ,
ಯಾರಿಗೆ ಒಂದು, ಯಾರಿಗೆ ಎರಡು.
ನೆನಪಿಟ್ಟುಕೊಂಡ.

"ಗಡಿಯಾರದ ಒಳಗೆ ನಿಂತಿದ್ದೀಯ ಅಂದುಕೋ.
ಹತ್ತಕ್ಕೂ ಒಂದಕ್ಕೂ ನಡುವೆ ಕೋಲು. ಅಷ್ಟೇ.
ಮೊಣಕೈ ಬಳಸು. ಮಣಿಕಟ್ಟು ಬಳುಕಿಸಬೇಡ."
ಮಣಿಕಟ್ಟು ಬಳುಕಿಸಬೇಡವಂತೆ!
ನಲವತ್ತು ವರ್ಷ ಅನ್ನ ಹಾಕಿದ್ದೇ ಅದು:
ಗಂಟಲ ಗುಳಿಯ ಹತ್ತಿರ ಕತ್ತಿ ತಿರುಗುವಾಗ
ಬಳುಕಿದ್ದರಿಂದಲೇ ಈ ಊರಲ್ಲಿ
ಇಷ್ಟು ಗಂಡಸರು ಇನ್ನೂ ಬದುಕಿದ್ದಾರೆ.

ನೀರಿಗೆ ಬಂದ ಮೇಲೂ ಬಳುಕಿತು.
ಕೊಕ್ಕೆ ಮೊದಲು ಆಲ್ಡರ್ ಪೊದೆಯನ್ನು ಹಿಡಿಯಿತು,
ಆಮೇಲೆ ಅವನದೇ ಟೋಪಿಯನ್ನು,
ಆಮೇಲೆ ಗುರುವಿನ ಸ್ವೆಟರಿನ ತೋಳನ್ನು.
ಉಳಿದ ದಾರ ಗಾಳಿಯಲ್ಲೇ ಗಂಟಾಯಿತು.
ಗಂಟು ಬಿಡಿಸುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ;
ಜೇಬಿನಿಂದ ಬಾಚಣಿಗೆ ತೆಗೆದ.
ಒಡೆಟ್ ನಕ್ಕಳು, ಅದೇ ಮೊದಲು.

ಮೇ ಮುಗಿಯುವ ಹೊತ್ತಿಗೆ ನಿಜವಾದ ನೊಣಗಳೂ ಬಂದವು,
ಕರಿಯವು, ಕಿವಿಯ ಹಿಂದೆ ರಕ್ತ ಹೀರುವವು.
ಎರಡೂ ಕೈ ಸುಳ್ಳು ನೊಣಕ್ಕೆ ಮುಡಿಪಿಟ್ಟವನು
ನಿಜದ್ದನ್ನು ಹೊಡೆಯುವುದು ಹೇಗೆ?
ಕಚ್ಚಿಸಿಕೊಂಡ.

ಆ ಸುಳ್ಳು ನೊಣವನ್ನು ಒಡೆಟ್ ಕಟ್ಟಿದ್ದು
ಅಂಗಡಿಯ ನೆಲದಿಂದ ಅವನೇ ಗುಡಿಸಿ ತಂದ ಕೂದಲಿನಿಂದ:
ಟೋಬಿನ್ ವೆಲೆಟ್‌ನ ಮೊದಲ ಕ್ಷೌರ, ತಾಮ್ರದ ಬಣ್ಣ.
ತಾಯಿ ಒಂದು ಗುಂಗುರನ್ನು ಲಕೋಟೆಯಲ್ಲಿಟ್ಟುಕೊಂಡಳು.
ಉಳಿದದ್ದಕ್ಕೆ ಹುಂಜದ ಕತ್ತಿನ ಗರಿ ಸೇರಿ,
ರೇಷ್ಮೆ ನೂಲಿನ ಏಳು ಸುತ್ತು ಸೇರಿ
ರೆಕ್ಕೆ ಬಂತು.

"ಮುಂದೆ ಎಸೆಯುವ ಅವಸರ ನಿನಗೆ," ಅಂದಳು ಒಂದು ಸಂಜೆ,
"ಹಿಂದೆ ಹೋದದ್ದು ನೆಟ್ಟಗಾಗಲಿ. ಕಾಯಿ.
ನಂಬಿಕೆ ಬರದಿದ್ದರೆ ತಿರುಗಿ ನೋಡು."

ಊರಿನ ಪ್ರತಿ ತಲೆಯ ಹಿಂದೆ
ಕೈಗನ್ನಡಿ ಹಿಡಿದು ತೋರಿಸಿದವನು,
ಸರಿಯಾ? ಸಾಕಾ? ಎಂದವನು,
ತನ್ನ ಬೆನ್ನ ಹಿಂದೆ ಎಂದೂ ನೋಡಿರಲಿಲ್ಲ.
ನೋಡಿದ.
ಬರ್ಚ್ ಮರಗಳ ಎದುರು, ಇಳಿಬಿಸಿಲಲ್ಲಿ
ಅವನ ದಾರ, ಅವನೇ ಎಸೆದ ದಾರ
ಸುರುಳಿ ಬಿಚ್ಚುತ್ತಾ, ಬಿಚ್ಚುತ್ತಾ,
ಒಂದು ಗಳಿಗೆ
ಆಕಾಶದ ಬೈತಲೆಯ ಹಾಗೆ ನೆಟ್ಟಗೆ.

ಕೈ ತಾನಾಗಿ ಮುಂದೆ ಬಂತು.
ನೊಣ ನೀರಿಗೆ ಇಳಿದದ್ದನ್ನು ಅವನು ಕಾಣಲಿಲ್ಲ,
ಇನ್ನೂ ಹಿಂದೆಯೇ ನೋಡುತ್ತಿದ್ದ.
ಕುಂಬಳಬೀಜವೆಂದು ಊರವರು ಕರೆಯುವ
ಅಂಗೈಯಗಲದ ಮೀನು ಬಂತು, ಬಾಯಿ ಹಾಕಿತು,
ಬೆರಳಿಗೊಂದು ಜಗ್ಗು.
ತಿರುಗುವಷ್ಟರಲ್ಲಿ ನೀರ ಮೇಲೆ ಉಂಗುರಗಳು ಮಾತ್ರ.
ಕೂದಲೆಳೆಯಲ್ಲಿ ತಪ್ಪಿತು.
ಆ ಕೂದಲೆಳೆ ಟೋಬಿನ್‌ನದು.

"ಎಲ್ಲಿತ್ತು ಕಣ್ಣು?" ಅಂದಳು ಒಡೆಟ್.
ಅವನು ಬರ್ಚ್ ಮರಗಳ ಕಡೆ ಗಲ್ಲ ಎತ್ತಿ ತೋರಿಸಿದ.
ಅಲ್ಲೇನೂ ಇರಲಿಲ್ಲ.

ಬುಧವಾರ. ಕುರ್ಚಿಯಲ್ಲಿ ಹಾಲ್ಸಿ ಬ್ರಾಗ್ಡನ್,
ಕತ್ತಿನ ಹಿಂದೆ ಕನ್ನಡಿ.
"ಸರಿ, ಸಾಕು," ಅಂದ ಹಾಲ್ಸಿ, ಏಳಲು ಹೊರಟ.
"ತಡಿ," ಅಂದ ಓರಿನ್
ಕನ್ನಡಿ ಇಳಿಸದೆ,
"ಇನ್ನೊಂದು ಗಳಿಗೆ."
ಕಿಟಕಿಯ ಗಾಜಿನ ಮೇಲೆ ನೊಣವೊಂದು
ಕೈ ಉಜ್ಜಿಕೊಳ್ಳುತ್ತಿತ್ತು.